ತಾತ್ಕಾಲಿಕ ಆಶ್ರಯದಲ್ಲಿ ಬೆಕ್ಕಿನ ಹೊಂದಾಣಿಕೆ

ತನ್ನ ಮನೆಯನ್ನು ಕಳೆದುಕೊಂಡ ಅಥವಾ ಕೆಲವು ಕಾಲ ಬಿಟ್ಟಿರಬೇಕಾಗಿ ಬಂದ ಸಾಕುಬೆಕ್ಕು, ಮತ್ತೊಬ್ಬರ ಮನೆಯಲ್ಲಿ ಭಯ ಕಳೆದು, ತಿನ್ನುವುದು, ನಿದ್ರಿಸುವುದು, ಮೈ ನೆಕ್ಕಿಕೊಳ್ಳುವುದು ಮುಂತಾದ ಸಹಜ ದಿನಚರಿಗೆ ಮರಳುವ ಪ್ರಕ್ರಿಯೆಯನ್ನು ತಾತ್ಕಾಲಿಕ ಆಶ್ರಯದಲ್ಲಿ ಬೆಕ್ಕಿನ ಹೊಂದಾಣಿಕೆ ಎನ್ನಬಹುದು. ಇಂತಹ ಮನೆಯನ್ನು ಪ್ರಾಣಿಪ್ರಿಯರ ವಲಯದಲ್ಲಿ ‘ಫಾಸ್ಟರ್ ಮನೆ’ ಎಂದು ಕರೆಯುವುದು ರೂಢಿ. ಆಶ್ರಯದ ಅವಧಿ ಕೆಲವು ದಿನಗಳಿಂದ ಹಲವು ತಿಂಗಳುಗಳವರೆಗೆ ಇರಬಹುದು. ಬೆಕ್ಕಿಗೆ ಜನರಷ್ಟೇ, ಹಲವು ವೇಳೆ ಜನರಿಗಿಂತ ಹೆಚ್ಚಾಗಿ, ಸ್ಥಳವೇ ಆಸರೆಯಾಗಿರುವುದರಿಂದ ಸ್ಥಳಾಂತರವು ಅದರ ದೇಹ ಮತ್ತು ಮನಸ್ಸು ಎರಡರ ಮೇಲೂ ಪರಿಣಾಮ ಬೀರುತ್ತದೆ. ಆತಿಥೇಯರು ಪ್ರೀತಿಯಿಂದ ಮಾಡುವ ಉಪಚಾರಗಳಲ್ಲಿ ಎತ್ತಿಕೊಳ್ಳುವುದು, ಮುದ್ದಿಸುವುದು, ಮನೆಯನ್ನೆಲ್ಲ ಸುತ್ತಿಸಿ ತೋರಿಸುವುದು ಮುಂತಾದವು ಮೊದಲ ದಿನಗಳಲ್ಲಿ ಬೆಕ್ಕಿನ ಪಾಲಿಗೆ ಉಪದ್ರವಗಳೇ ಆಗುತ್ತವೆ. ಅದಕ್ಕೆ ಬೇಕಾಗಿರುವುದು ಸಣ್ಣ ಜಾಗ, ಅಡಗಿಕೊಳ್ಳಲು ಒಂದು ಮರೆ, ಬದಲಾಗದ ವೇಳಾಪಟ್ಟಿ ಮತ್ತು ಹತ್ತಿರ ಬರಬೇಕೋ ಬೇಡವೋ ಎಂಬುದನ್ನು ತಾನೇ ನಿರ್ಧರಿಸುವ ಸ್ವಾತಂತ್ರ್ಯ.

ಬೆಕ್ಕು ಮತ್ತು ನೆಲೆ

ಸಾಕುಬೆಕ್ಕಿನ ಪೂರ್ವಜ ಫೆಲಿಸ್ ಲಿಬಿಕಾ ಎಂಬ ಕಾಡುಬೆಕ್ಕು. ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣಪ್ರದೇಶಗಳಲ್ಲಿ ವಾಸಿಸುವ ಈ ಪ್ರಾಣಿ ಒಂಟಿ ಬೇಟೆಗಾರ. ತೋಳದಂತೆ ಹಿಂಡಿನಲ್ಲಿ ಬದುಕುವ ಪ್ರಾಣಿಗೆ ಕಷ್ಟಕಾಲದಲ್ಲಿ ಜೊತೆಗಾರರ ಬೆಂಬಲವಿರುತ್ತದೆ. ಒಂಟಿಯಾಗಿ ಬೇಟೆಯಾಡುವ ಪ್ರಾಣಿಗೆ ತಾನು ಬಲ್ಲ ನೆಲವೇ ಬೆಂಬಲ. ಎಲ್ಲಿ ಇಲಿಯ ಬಿಲವಿದೆ, ಎಲ್ಲಿಂದ ಅಪಾಯ ಬಂದೀತು, ಯಾವ ಸಂದಿಯಲ್ಲಿ ನುಸುಳಿದರೆ ಪಾರಾಗಬಹುದು ಎಂಬ ತಿಳಿವಳಿಕೆಯೇ ಅದರ ಆಸ್ತಿ. ಸಾವಿರಾರು ವರ್ಷಗಳಿಂದ ಮನುಷ್ಯನ ಒಡನಾಟದಲ್ಲಿದ್ದರೂ ಈ ಸ್ವಭಾವ ಸಾಕುಬೆಕ್ಕಿನಲ್ಲಿ ಬಹುಮಟ್ಟಿಗೆ ಉಳಿದುಬಂದಿದೆ.

ಈ ನೆಲವನ್ನು ಬೆಕ್ಕು ಗುರುತಿಸಿಕೊಳ್ಳುವುದು ಮುಖ್ಯವಾಗಿ ವಾಸನೆಯಿಂದ. ಕೆನ್ನೆ, ಗಲ್ಲ, ಹಣೆ, ಬಾಲದ ಬುಡ ಮತ್ತು ಅಂಗಾಲುಗಳಲ್ಲಿ ಗಂಧಗ್ರಂಥಿಗಳಿವೆ. ಬಾಗಿಲ ಚೌಕಟ್ಟಿಗೋ ಕುರ್ಚಿಯ ಕಾಲಿಗೋ ಅದು ಕೆನ್ನೆ ಉಜ್ಜುವಾಗ ಮನುಷ್ಯನ ಮೂಗಿಗೆ ನಿಲುಕದ ಗುರುತೊಂದು ಅಲ್ಲಿ ಉಳಿಯುತ್ತದೆ. ಬಾಯಿಯ ಅಂಗುಳಿನ ಮೇಲ್ಭಾಗದಲ್ಲಿರುವ ಜೇಕಬ್‌ಸನ್ ಅಂಗವೆಂಬ ವಿಶೇಷ ಗ್ರಹಣಾಂಗ ಇಂತಹ ಸಂಕೇತಗಳನ್ನು ಗ್ರಹಿಸಲು ನೆರವಾಗುತ್ತದೆ. ಹಳೆಯ ಮನೆಯ ಮೂಲೆಮೂಲೆಯಲ್ಲೂ ‘ಇದು ನನ್ನದು’ ಎಂಬ ಗುರುತು ಇರುತ್ತದೆ. ಹೊಸ ಮನೆಯಲ್ಲಿ ಅಂತಹ ಒಂದು ಗುರುತೂ ಇರುವುದಿಲ್ಲ. ಓದು ಬಲ್ಲವನನ್ನು ಲಿಪಿ ತಿಳಿಯದ ಊರಿನಲ್ಲಿ ಬಿಟ್ಟಂತಹ ಸ್ಥಿತಿ ಅದರದು.

ಈ ಸ್ಥಳನಿಷ್ಠೆಯನ್ನು ಜನಸಾಮಾನ್ಯರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಕಾಟ ಕೊಡುವ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ದೂರದ ಊರಿನಲ್ಲೋ ಹೊಳೆಯ ಆಚೆಗೋ ಬಿಟ್ಟುಬರುವ, ಅದು ಕೆಲವೇ ದಿನಗಳಲ್ಲಿ ಹಿಂದಿರುಗಿ ಅಡುಗೆಮನೆಯಲ್ಲಿ ಕಾಣಿಸಿಕೊಳ್ಳುವ ಪ್ರಸಂಗಗಳು ಕರ್ನಾಟಕದ ಹಳ್ಳಿಗಳಲ್ಲಿ ಮನೆಮಾತು. ಚೀಲ ಕಟ್ಟುವುದರಿಂದ ದಾರಿ ಮರೆಯುವುದೆಂಬ ನಂಬಿಕೆಯೇ ಇದಕ್ಕೆ ಕಾರಣ. ತಾಯಿಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂಬ ಮಾತೂ ಪ್ರಚಲಿತವಾಗಿದೆ. ಏಳು ಎಂಬ ಲೆಕ್ಕ ನಂಬಿಕೆಯದಾದರೂ, ಗೂಡಿನ ನೆಮ್ಮದಿ ಕೆಟ್ಟರೆ ತಾಯಿ ಮರಿಗಳನ್ನು ಕಚ್ಚಿ ಬೇರೆಡೆಗೆ ಸಾಗಿಸುವುದು ನಿಜ. ಇಂಗ್ಲೆಂಡಿನಲ್ಲಿ ಹೊಸ ಮನೆಗೆ ತಂದ ಬೆಕ್ಕಿನ ಅಂಗಾಲಿಗೆ ಬೆಣ್ಣೆ ಸವರುವ ಹಳೆಯ ವಾಡಿಕೆಯಿತ್ತು. ಬೆಣ್ಣೆ ನೆಕ್ಕುವುದರಲ್ಲಿ ಮಗ್ನವಾದ ಬೆಕ್ಕು ಓಡಿಹೋಗಲಾರದೆಂದು ಅದರ ತರ್ಕ. ಇದರಿಂದ ಉಪಯೋಗವಾಗುತ್ತದೆಂಬುದಕ್ಕೆ ಆಧಾರವಿಲ್ಲ.

ಆಶ್ರಯ ಬೇಕಾಗುವ ಸಂದರ್ಭಗಳು

ಯಜಮಾನರ ಕಾಯಿಲೆ, ಮರಣ, ವರ್ಗಾವಣೆ, ಬಾಡಿಗೆ ಮನೆಯ ಮಾಲೀಕರ ಆಕ್ಷೇಪ, ಅಪಘಾತದಲ್ಲಿ ಗಾಯಗೊಂಡ ಬೀದಿಬೆಕ್ಕಿನ ಶುಶ್ರೂಷೆ, ತಾಯಿಯಿಲ್ಲದ ಮರಿಗಳ ಪಾಲನೆ ಇವು ಸಾಮಾನ್ಯ ಕಾರಣಗಳು. ಕೌಟುಂಬಿಕ ಹಿಂಸೆಯಿಂದ ಪಾರಾಗಿ ಮನೆಬಿಡುವ ಮಹಿಳೆಯರು ಸಾಕುಪ್ರಾಣಿಯನ್ನು ಬಿಟ್ಟುಹೋಗಲಾರದೆ ಹಿಂಸೆಯಲ್ಲೇ ಉಳಿಯುವುದನ್ನು ಗಮನಿಸಿ, ಬ್ರಿಟನ್ನಿನ ಕೆಲವು ಸಂಸ್ಥೆಗಳು ಅಂತಹವರ ಬೆಕ್ಕು ನಾಯಿಗಳಿಗೆ ಗುಪ್ತ ತಾತ್ಕಾಲಿಕ ಆಶ್ರಯ ಒದಗಿಸುತ್ತವೆ. 1927ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪನೆಯಾದ ಕ್ಯಾಟ್ಸ್ ಪ್ರೊಟೆಕ್ಷನ್ ಸಂಸ್ಥೆಯ ಕೆಲಸದಲ್ಲಿ ಸ್ವಯಂಸೇವಕರ ಮನೆಗಳಿಗೂ ಪಾಲಿದೆ.

ಪ್ರಕೃತಿ ವಿಕೋಪಗಳು ಮತ್ತೊಂದು ಕಾರಣ. 2005ರ ಕತ್ರಿನಾ ಚಂಡಮಾರುತದಲ್ಲಿ ಸಾಕುಪ್ರಾಣಿಗಳನ್ನು ಬಿಟ್ಟು ಬರಲೊಪ್ಪದೆ ಜನರು ಮನೆಗಳಲ್ಲೇ ಉಳಿದ ಅನುಭವದಿಂದ, ವಿಪತ್ತು ನಿರ್ವಹಣಾ ಯೋಜನೆಗಳು ಸಾಕುಪ್ರಾಣಿಗಳನ್ನೂ ಒಳಗೊಳ್ಳಬೇಕೆಂಬ ಕಾನೂನು ಅಮೆರಿಕದಲ್ಲಿ 2006ರಲ್ಲಿ ಜಾರಿಗೆ ಬಂತು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಭೂಕುಸಿತಗಳಾದಾಗ ಪರಿಹಾರ ಕೇಂದ್ರಗಳಿಗೆ ತೆರಳಿದವರ ಸಾಕುಪ್ರಾಣಿಗಳು ಹಿಂದೆ ಉಳಿದವು.

ಭಾರತದ ನಗರಗಳಲ್ಲಿ ಬೆಕ್ಕುಗಳಿಗೆಂದೇ ಇರುವ ಆಶ್ರಯಧಾಮಗಳು ವಿರಳ. ನಾಯಿಗಳ ಬೊಗಳುವಿಕೆ ಕೇಳಿಬರುವ ಆಶ್ರಯಧಾಮದ ಪಂಜರಕ್ಕಿಂತ ಸಾಧಾರಣ ಮನೆಯ ಒಂದು ಕೋಣೆ ಬೆಕ್ಕಿಗೆ ಹಿತಕರ. ಆದುದರಿಂದ ರಕ್ಷಣಾ ಕಾರ್ಯಕರ್ತರು ಬಹುಮಟ್ಟಿಗೆ ಸ್ವಯಂಸೇವಕರ ಮನೆಗಳನ್ನೇ ನಂಬಿದ್ದಾರೆ. ಒತ್ತಡದ ವರ್ತನೆಯನ್ನು ದುಷ್ಟತನವೆಂದು ತಿಳಿದ ಆತಿಥೇಯರು ಎರಡೇ ದಿನಗಳಲ್ಲಿ ಬೆಕ್ಕನ್ನು ಹಿಂದಿರುಗಿಸಿದರೆ ಅದು ಮೂರನೆಯ, ನಾಲ್ಕನೆಯ ಮನೆಗೆ ಸಾಗಬೇಕಾಗುತ್ತದೆ. ಪ್ರತಿ ಸ್ಥಳಾಂತರವೂ ಮುಂದಿನ ಹೊಂದಾಣಿಕೆಯನ್ನು ಇನ್ನಷ್ಟು ಕಠಿಣಗೊಳಿಸುತ್ತದೆ.

ಒತ್ತಡದ ಲಕ್ಷಣಗಳು

ಭಯಗೊಂಡ ಬೆಕ್ಕು ಮೈಯನ್ನು ನೆಲಕ್ಕೆ ಒತ್ತಿ ಕುಳಿತಿರುತ್ತದೆ. ಕಣ್ಣಿನ ಪಾಪೆಗಳು ಬೆಳಕಿದ್ದರೂ ಅಗಲವಾಗಿರುತ್ತವೆ. ಕಿವಿಗಳು ಪಕ್ಕಕ್ಕೆ ಅಥವಾ ಹಿಂದಕ್ಕೆ ಮಡಚಿರುತ್ತವೆ. ಬಾಲ ಮೈಗೆ ಸುತ್ತಿಕೊಂಡಿರುತ್ತದೆ. ಬುಸುಗುಟ್ಟುವುದು, ಗುರುಗುಟ್ಟುವುದು, ಪರಚುವುದು ದ್ವೇಷದ ಚಿಹ್ನೆಗಳಲ್ಲ. ತಪ್ಪಿಸಿಕೊಳ್ಳಲು ದಾರಿ ಕಾಣದ ಪ್ರಾಣಿ ‘ದೂರವಿರು’ ಎಂದು ಹೇಳುವ ವಿಧಾನ ಅದು.

ಇವೆಲ್ಲ ಕಣ್ಣಿಗೆ ಕಾಣುವ ಲಕ್ಷಣಗಳು. ಗಮನಕ್ಕೆ ಬಾರದೆ ಹೋಗುವುದು ಮೌನವಾದ ಒತ್ತಡ. ಕೆಲವು ಬೆಕ್ಕುಗಳು ಪ್ರತಿಭಟಿಸದೆ ಟ್ರೇಯೊಳಗೆ ಅಥವಾ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಗಂಟೆಗಟ್ಟಲೆ ಅಲುಗಾಡದೆ ಕೂರುತ್ತವೆ. ಮುಟ್ಟಿದರೂ ಸುಮ್ಮನಿರುತ್ತವೆ. ‘ಎಷ್ಟು ಸಾಧು ಬೆಕ್ಕು’ ಎಂದು ಮನೆಯವರು ಮೆಚ್ಚಿಕೊಳ್ಳುತ್ತಾರೆ. ವಾಸ್ತವದಲ್ಲಿ ಅದು ಭಯದಿಂದ ಸ್ತಬ್ಧವಾಗಿರುತ್ತದೆ. ಕಣ್ಣು ಮುಚ್ಚಿದ್ದರೂ ಕಾಲುಗಳು ಮೈಯಡಿ ಬಿಗಿಯಾಗಿದ್ದು, ಸಣ್ಣ ಸದ್ದಿಗೂ ಕಿವಿ ತಿರುಗುತ್ತಿದ್ದರೆ ಅದು ನಿದ್ರೆಯಲ್ಲ, ನಿದ್ರೆಯ ನಟನೆ. ಗುರ್‌ಗುರ್ ಎಂಬ ತೃಪ್ತಿಯ ಸದ್ದನ್ನೂ ಪೂರ್ಣವಾಗಿ ನಂಬಲಾಗದು. ನೋವಿನಲ್ಲಿರುವ ಬೆಕ್ಕುಗಳೂ ಆ ಸದ್ದನ್ನು ಹೊರಡಿಸುತ್ತವೆ.

ಈ ಲಕ್ಷಣಗಳನ್ನು ಅಳೆಯಲು ಎಂ. ಆರ್. ಕೆಸ್ಲರ್ ಮತ್ತು ಡೆನಿಸ್ ಟರ್ನರ್ 1997ರಲ್ಲಿ ಪ್ರಕಟಿಸಿದ ಏಳು ಹಂತಗಳ ಮಾಪನ ಇಂದಿಗೂ ಬಳಕೆಯಲ್ಲಿದೆ. ಪೂರ್ಣ ನಿರಾಳ ಸ್ಥಿತಿಗೆ 1, ತೀವ್ರ ಭೀತಿಗೆ 7 ಎಂದು ಅಂಕ ನೀಡಲಾಗುತ್ತದೆ. ಬೆಕ್ಕಿನ ಹೊಟ್ಟೆ, ಕಾಲು, ಬಾಲ, ತಲೆ, ಕಣ್ಣು, ಕಿವಿ, ಮೀಸೆ, ಧ್ವನಿ ಮುಂತಾದವನ್ನು ದೂರದಿಂದಲೇ ಗಮನಿಸಿ ಅಂಕ ಕೊಡುವುದರಿಂದ ಅದನ್ನು ಮುಟ್ಟುವ ಪ್ರಮೇಯವಿಲ್ಲ. ಮನೆಯಲ್ಲಿ ಇಷ್ಟು ಕ್ರಮಬದ್ಧತೆ ಅಗತ್ಯವಿಲ್ಲವಾದರೂ, ದಿನಕ್ಕೊಮ್ಮೆ ಎರಡು ಸಾಲು ಬರೆದಿಡುವುದು ಪಶುವೈದ್ಯರಿಗೂ ಮುಂದೆ ಬೆಕ್ಕನ್ನು ಪಡೆಯುವವರಿಗೂ ಉಪಯುಕ್ತ.

ಕೋಣೆಯ ಸಿದ್ಧತೆ

ಬೆಕ್ಕು ಬರುವ ಮೊದಲೇ ಒಂದು ಕೋಣೆಯನ್ನು ಅದಕ್ಕಾಗಿ ತೆರವುಗೊಳಿಸಬೇಕು. ಕೋಣೆ ಚಿಕ್ಕದಾದಷ್ಟೂ ಒಳ್ಳೆಯದು. ವಿಶಾಲವಾದ ಮನೆಯನ್ನು ಒಮ್ಮೆಗೇ ತೆರೆದಿಡುವುದು ಔದಾರ್ಯವಾಗಿ ತೋರಿದರೂ, ಪರಿಶೀಲಿಸಿ ಮುಗಿಸಲಾಗದಷ್ಟು ಅಪರಿಚಿತ ಜಾಗ ಬೆಕ್ಕಿನ ಭಯವನ್ನು ಹೆಚ್ಚಿಸುತ್ತದೆ. ಪ್ರತ್ಯೇಕ ಕೋಣೆಯಿಲ್ಲದ ಮನೆಗಳಲ್ಲಿ ಹೆಚ್ಚು ಬಳಸದ ಬಚ್ಚಲುಮನೆ, ಬಾಗಿಲಿರುವ ಯುಟಿಲಿಟಿ ಅಥವಾ ದೊಡ್ಡ ಪಂಜರಕ್ಕೆ ಬಟ್ಟೆ ಹೊದಿಸಿ ಮಾಡಿದ ಗೂಡು ಸಾಕಾಗುತ್ತದೆ. ಅಡುಗೆಮನೆಯ ಪಕ್ಕದ ಜಾಗ ಒಳ್ಳೆಯದಲ್ಲ. ಮನುಷ್ಯನ ಶ್ರವಣಮಿತಿ ಸುಮಾರು 20 ಕಿಲೋಹರ್ಟ್ಜ್ ಆದರೆ ಬೆಕ್ಕಿನದು 60ನ್ನೂ ಮೀರುತ್ತದೆ. ಮಿಕ್ಸಿ ಮತ್ತು ಕುಕ್ಕರಿನ ಸದ್ದು ಅದಕ್ಕೆ ಹೇಗೆ ಕೇಳಿಸೀತೆಂಬುದನ್ನು ಊಹಿಸಬಹುದು.

ಕೋಣೆಯ ಒಂದು ತುದಿಯಲ್ಲಿ ಆಹಾರ, ನೀರು. ಸಾಧ್ಯವಾದಷ್ಟು ದೂರದ ಮತ್ತೊಂದು ತುದಿಯಲ್ಲಿ ಲಿಟರ್ ಟ್ರೇ. ಉಣ್ಣುವ ಸ್ಥಳದ ಬಳಿ ವಿಸರ್ಜಿಸಲು ಬೆಕ್ಕು ಒಪ್ಪುವುದಿಲ್ಲ. ಪರಚಲು ಒಂದು ಗೋಣಿತಾಟು ಅಥವಾ ತೆಂಗಿನ ಹಗ್ಗ ಸುತ್ತಿದ ಮರದ ತುಂಡು ಇರಲಿ. ಹಳೆಯ ಮನೆಯ ಹೊದಿಕೆ, ಚಾಪೆಯ ತುಂಡು ಅಥವಾ ಯಜಮಾನರ ಒಗೆಯದ ಬಟ್ಟೆ ದೊರೆತರೆ ಅದಕ್ಕಿಂತ ಅಮೂಲ್ಯ ವಸ್ತು ಬೇರಿಲ್ಲ. ಕೊಳೆಯೆಂದು ಅದನ್ನು ಒಗೆದುಬಿಡುವುದು ಮನೆಮನೆಗಳಲ್ಲಿ ಆಗುವ ಪ್ರಮಾದ. ಅಪರಿಚಿತ ಕೋಣೆಯಲ್ಲಿ ಬೆಕ್ಕಿಗೆ ಪರಿಚಿತವಾದ ಒಂದೇ ವಾಸನೆ ಅದರೊಂದಿಗೆ ಹೋಗಿಬಿಡುತ್ತದೆ. ಅಗರಬತ್ತಿ, ಸೊಳ್ಳೆಬತ್ತಿ, ಕೋಣೆಯ ಸುಗಂಧದ್ರವ್ಯಗಳನ್ನೂ ಈ ಕೋಣೆಯಿಂದ ದೂರವಿಡಬೇಕು.

ಅಡಗುತಾಣದ ಮಹತ್ವ

ಬಂದ ಬೆಕ್ಕು ಮಂಚದಡಿಯಲ್ಲೋ ಬೀರುವಿನ ಹಿಂದೆಯೋ ಅಡಗಿ ಕುಳಿತರೆ ಮನೆಯವರಿಗೆ ಕಳವಳವಾಗುವುದು ಸಹಜ. ಅದನ್ನು ಹೊರಗೆಳೆಯುವ, ಪೊರಕೆಯಿಂದ ಸರಿಸುವ ಪ್ರಯತ್ನಗಳು ನಡೆಯುತ್ತವೆ. ಆದರೆ ಅಡಗುವುದು ರೋಗವಲ್ಲ, ಬೆಕ್ಕಿಗೆ ಗೊತ್ತಿರುವ ಚಿಕಿತ್ಸೆ. ಯಾರ ಕಣ್ಣಿಗೂ ಬೀಳದೆ ತಾನು ಎಲ್ಲವನ್ನೂ ನೋಡಬಲ್ಲೆನೆಂಬ ಭರವಸೆ ಬಂದ ಮೇಲೆಯೇ ಅದು ಹೊರಬರುವ ಧೈರ್ಯ ಮಾಡುತ್ತದೆ.

ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಕ್ಲೌಡಿಯಾ ವಿಂಕೆ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಸ್ಪಷ್ಟಪಡಿಸಿತು. ಆಶ್ರಯಧಾಮಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ 10ಕ್ಕೆ ಅಡಗಲು ಪೆಟ್ಟಿಗೆ ಕೊಟ್ಟು, 9ಕ್ಕೆ ಕೊಡದೆ, ಮೇಲೆ ಹೇಳಿದ ಏಳು ಹಂತಗಳ ಮಾಪನದಿಂದ ಅವುಗಳ ಒತ್ತಡವನ್ನು ಅಳೆಯಲಾಯಿತು. ಮೂರು ನಾಲ್ಕನೆಯ ದಿನಗಳ ಹೊತ್ತಿಗೆ ಪೆಟ್ಟಿಗೆಯಿದ್ದ ಬೆಕ್ಕುಗಳ ಒತ್ತಡ ಗಮನಾರ್ಹವಾಗಿ ಕಡಿಮೆಯಾಗಿತ್ತು. ಪೆಟ್ಟಿಗೆಯಿಲ್ಲದವು ಆ ಸ್ಥಿತಿಗೆ ಬರಲು ಎರಡು ವಾರದಷ್ಟು ಕಾಲ ಬೇಕಾಯಿತು. ಬೆಕ್ಕುಗಳ ಸಂಖ್ಯೆ ಸಣ್ಣದಾದರೂ ಫಲಿತಾಂಶದ ಪ್ರಯೋಜನ ದೊಡ್ಡದು, ಏಕೆಂದರೆ ಇದಕ್ಕೆ ತಗಲುವ ವೆಚ್ಚ ಒಂದು ಖಾಲಿ ರಟ್ಟಿನ ಪೆಟ್ಟಿಗೆ ಮಾತ್ರ.

ಪೆಟ್ಟಿಗೆಗೆ ಎದುರುಬದುರಾಗಿ ಎರಡು ಕಿಂಡಿಗಳಿದ್ದರೆ ಒಳಗೆ ಸಿಕ್ಕಿಬಿದ್ದ ಭಾವನೆ ಬರುವುದಿಲ್ಲ. ಒಂದು ಪೆಟ್ಟಿಗೆ ನೆಲದಲ್ಲಿ, ಇನ್ನೊಂದು ಮೇಜಿನ ಮೇಲಿರಬೇಕು. ಕೆಲವು ಬೆಕ್ಕುಗಳು ಸಂದಿಯನ್ನು, ಕೆಲವು ಎತ್ತರವನ್ನು ಬಯಸುತ್ತವೆ. ಇದೇ ವೇಳೆಯಲ್ಲಿ ಕೈಗೆ ನಿಲುಕದ ಅಡಗುತಾಣಗಳನ್ನು ಮುಚ್ಚಬೇಕು: ಅಟ್ಟದ ಸಾಮಾನುಗಳ ಹಿಂಬದಿ, ವಾಷಿಂಗ್ ಮಷೀನಿನ ಒಳಗು, ಫ್ರಿಜ್ಜಿನ ಹಿಂದಿನ ಸಂದು, ಸೋಫಾದ ಹರಿದ ತಳ. ಕಾಯಿಲೆ ಬಿದ್ದ ಬೆಕ್ಕು ಇಂತಹ ಕಡೆ ಸೇರಿಕೊಂಡರೆ ನೋಡುವುದೂ ಕಷ್ಟ, ತೆಗೆಯುವುದೂ ಕಷ್ಟ. ಪೆಟ್ಟಿಗೆಯೊಳಗಿರುವಾಗ ಬೆಕ್ಕನ್ನು ಹಿಡಿಯಬಾರದೆಂಬ ನಿಯಮವನ್ನು ಮನೆಯವರೆಲ್ಲ ಪಾಲಿಸಬೇಕು. ಮಕ್ಕಳಿಗೆ ಇದನ್ನು ತಿಳಿಸುವುದು ದೊಡ್ಡವರಿಗೆ ತಿಳಿಸುವುದಕ್ಕಿಂತ ಸುಲಭ. ‘ಅದರ ಮನೆಯ ಬಾಗಿಲು ಅದು, ತಟ್ಟದೆ ಒಳಗೆ ಕೈ ಹಾಕಬಾರದು’ ಎಂದರೆ ಅವರಿಗೆ ಅರ್ಥವಾಗುತ್ತದೆ.

ಮೊದಲ ದಿನಗಳು

ಬೆಕ್ಕನ್ನು ತಂದ ಕ್ಯಾರಿಯರನ್ನು ಕೋಣೆಯಲ್ಲಿ ಇಟ್ಟು, ಬಾಗಿಲು ಕಿಟಕಿಗಳು ಭದ್ರವಾಗಿವೆಯೇ ಎಂದು ನೋಡಿಕೊಂಡು, ಕ್ಯಾರಿಯರಿನ ಬಾಗಿಲನ್ನು ತೆರೆದು ಹೊರಬರಬೇಕು. ಅದನ್ನು ಓರೆಮಾಡಿ ಬೆಕ್ಕನ್ನು ಹೊರಗೆ ಸುರಿಯಬಾರದು. ಕ್ಯಾರಿಯರ್ ಅಲ್ಲಿಯೇ ಇರಲಿ. ಬಹಳಷ್ಟು ಬೆಕ್ಕುಗಳಿಗೆ ಅದೇ ಮೊದಲ ಅಡಗುತಾಣವಾಗುತ್ತದೆ. ಮೊದಲ ರಾತ್ರಿ ಬೆಕ್ಕು ತಿನ್ನದೆ, ವಿಸರ್ಜಿಸದೆ ಇರಬಹುದು ಅಥವಾ ಮಧ್ಯರಾತ್ರಿಯಲ್ಲಿ ದೀರ್ಘವಾಗಿ ಕೂಗಬಹುದು. ಕೂಗಿದಾಗಲೆಲ್ಲ ಬಾಗಿಲು ತೆರೆದು ದೀಪ ಹಾಕುವುದರಿಂದ ಅದಕ್ಕೆ ಸಮಾಧಾನವಾಗುವುದಿಲ್ಲ.

ನಂತರದ ದಿನಗಳಲ್ಲಿ ಒಬ್ಬರೇ ವ್ಯಕ್ತಿ, ನಿಗದಿತ ಹೊತ್ತಿನಲ್ಲಿ, ಆಹಾರ ಇಡಲು ಮತ್ತು ಟ್ರೇ ಶುಚಿಗೊಳಿಸಲು ಹೋಗುವುದು ಒಳ್ಳೆಯದು. ದಿನಚರಿಯ ಮಹತ್ವ ಎಷ್ಟೆಂಬುದನ್ನು ಅಮೆರಿಕದ ಓಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಜೂಡಿ ಸ್ಟೆಲ್ಲಾ, ಟೋನಿ ಬಫಿಂಗ್ಟನ್ ಮತ್ತಿತರರು ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿಕೊಟ್ಟಿತು. ಆಹಾರದ ವೇಳೆ ಅಥವಾ ನೋಡಿಕೊಳ್ಳುವವರು ಬದಲಾದ ವಾರಗಳಲ್ಲಿ ಸಂಪೂರ್ಣ ಆರೋಗ್ಯವಂತ ಬೆಕ್ಕುಗಳೂ ಆಹಾರ ಬಿಡುವುದು, ಟ್ರೇಯ ಹೊರಗೆ ವಿಸರ್ಜಿಸುವುದು ಮುಂತಾದ ಅಸ್ವಸ್ಥ ವರ್ತನೆಗಳನ್ನು ಹೆಚ್ಚಾಗಿ ತೋರಿದವು.

ಕೆಲಸ ಮುಗಿದ ಮೇಲೆ ಹತ್ತು ಹದಿನೈದು ನಿಮಿಷ ನೆಲದ ಮೇಲೆ, ಬೆಕ್ಕಿಗೆ ಪಕ್ಕವಾಗಿ ಕುಳಿತು ಪುಸ್ತಕವನ್ನೋ ಪತ್ರಿಕೆಯನ್ನೋ ಮೆಲುದನಿಯಲ್ಲಿ ಓದುವುದು ಅನೇಕ ಕಡೆ ರೂಢಿಯಲ್ಲಿರುವ ವಿಧಾನ. ಬೆಕ್ಕಿಗೆ ಧ್ವನಿಯ ಪರಿಚಯವಾಗುತ್ತದೆ. ಓದುವವರ ದೃಷ್ಟಿ ಪುಟದ ಮೇಲಿರುವುದರಿಂದ ಬೆಕ್ಕನ್ನು ದಿಟ್ಟಿಸಿ ನೋಡುವುದು ತಪ್ಪುತ್ತದೆ. ಬೆಕ್ಕುಗಳ ಭಾಷೆಯಲ್ಲಿ ದಿಟ್ಟಿಸುವುದು ಬೆದರಿಕೆ. ಕಣ್ಣುಗಳನ್ನು ಅರೆಮುಚ್ಚಿ ನಿಧಾನವಾಗಿ ರೆಪ್ಪೆ ಮಿಟುಕಿಸುವುದು ಇದಕ್ಕೆ ವಿರುದ್ಧವಾದ ಸಂಕೇತ. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹೀಗೆ ಮಿಟುಕಿಸಿದ ಮನುಷ್ಯರಿಗೆ ಬೆಕ್ಕುಗಳೂ ಕಣ್ಣು ಕಿರಿದಾಗಿಸಿ ಪ್ರತಿಕ್ರಿಯಿಸಿದವು. ಅಂತಹ ಅಪರಿಚಿತರು ಕೈ ಚಾಚಿದಾಗ ಹತ್ತಿರ ಬರುವ ಸಂಭವವೂ ಹೆಚ್ಚಾಗಿತ್ತು. ಬೆಕ್ಕು ತಾನಾಗಿ ಬಂದು ಬೆರಳನ್ನು ಮೂಸಿ ಕೆನ್ನೆ ಉಜ್ಜಿದರೆ ಆ ವ್ಯಕ್ತಿ ಅದರ ನಕ್ಷೆಯಲ್ಲಿ ಸೇರಿಕೊಂಡಂತೆ. ಆಗಲೂ ಕೆನ್ನೆ, ಗಲ್ಲಗಳನ್ನಷ್ಟೇ ಸವರಿ ನಿಲ್ಲಿಸಬೇಕು. ಹೊಟ್ಟೆಯನ್ನು ಮುಟ್ಟಬಾರದು.

‘ಮೂರು ದಿನ, ಮೂರು ವಾರ, ಮೂರು ತಿಂಗಳು’ ಎಂಬ ಸೂತ್ರವೊಂದು ರಕ್ಷಣಾ ಕಾರ್ಯಕರ್ತರಲ್ಲಿ ಬಳಕೆಯಲ್ಲಿದೆ: ಗಾಬರಿ ಇಳಿಯಲು ಮೂರು ದಿನ, ದಿನಚರಿಗೆ ಹೊಂದಲು ಮೂರು ವಾರ, ಮನೆ ತನ್ನದೆನಿಸಲು ಮೂರು ತಿಂಗಳು. ಇದು ಅನುಭವದ ಲೆಕ್ಕವೇ ಹೊರತು ಸಂಶೋಧನೆಯ ಫಲವಲ್ಲ. ಮರಿಯಾಗಿದ್ದಾಗ ಮನುಷ್ಯಸ್ಪರ್ಶವನ್ನೇ ಕಾಣದ ಬೆಕ್ಕಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಎರಡರಿಂದ ಏಳು ವಾರಗಳ ವಯಸ್ಸಿನಲ್ಲಿ ಮನುಷ್ಯರ ಒಡನಾಟವಿಲ್ಲದೆ ಬೆಳೆದ ಬೆಕ್ಕು ಜೀವನವಿಡೀ ಅಂಜುಬುರುಕವಾಗಿರಬಹುದು. ಅಂತಹ ಬೀದಿಬೆಕ್ಕನ್ನು ಚಿಕಿತ್ಸೆ ಮುಗಿದ ಬಳಿಕ ಅದರ ಬೀದಿಗೇ ಮರಳಿಸುವುದು ಕೋಣೆಯಲ್ಲಿ ಕೂಡಿಹಾಕುವುದಕ್ಕಿಂತ ದಯೆಯ ಕೆಲಸ.

ಆಹಾರ

ಅಡಗುವುದರ ವಿಷಯದಲ್ಲಿ ತೋರುವ ತಾಳ್ಮೆಯನ್ನು ಉಪವಾಸದ ವಿಷಯದಲ್ಲಿ ತೋರಲಾಗದು. ಹಸಿವಾದರೆ ತಾನೇ ತಿನ್ನುತ್ತದೆ ಎಂಬ ಮಾತು ಬೆಕ್ಕಿಗೆ ಸಲ್ಲುವುದಿಲ್ಲ. ಕೆಲವು ದಿನ ಆಹಾರವಿಲ್ಲದಿದ್ದರೆ ದೇಹದ ಕೊಬ್ಬು ಯಕೃತ್ತಿಗೆ ಬಂದು ಸೇರಿ, ಅದರ ಕಾರ್ಯವನ್ನೇ ಕೆಡಿಸುವ ಹೆಪಾಟಿಕ್ ಲಿಪಿಡೋಸಿಸ್ ಎಂಬ ಮಾರಕ ಸ್ಥಿತಿ ಉಂಟಾಗಬಹುದು. ದಪ್ಪನೆಯ ಬೆಕ್ಕುಗಳಿಗೆ ಈ ಅಪಾಯ ಹೆಚ್ಚು. ವಯಸ್ಕ ಬೆಕ್ಕು ಒಂದು ಪೂರ್ಣ ದಿನ ಏನೂ ತಿನ್ನದಿದ್ದರೆ ಪಶುವೈದ್ಯರಿಗೆ ತಿಳಿಸಬೇಕು. ಎರಡನೆಯ ದಿನವೂ ತಿನ್ನದಿದ್ದರೆ ತಡಮಾಡದೆ ತೋರಿಸಬೇಕು. ಮರಿಗಳ ವಿಷಯದಲ್ಲಿ ಅರ್ಧ ದಿನವೂ ಕಾಯುವಂತಿಲ್ಲ.

ಮೊದಲ ವಾರ ಬೆಕ್ಕು ಹಿಂದೆ ತಿನ್ನುತ್ತಿದ್ದ ಆಹಾರವನ್ನೇ ಕೊಡುವುದು ಸರಿ. ಅದು ಗೊತ್ತಿಲ್ಲದಿದ್ದರೆ ವಾಸನೆ ಹೊಮ್ಮುವ ಮೆದು ಆಹಾರವನ್ನು ತುಸು ಬೆಚ್ಚಗೆ ಮಾಡಿ, ಅಗಲವಾದ ತಟ್ಟೆಯಲ್ಲಿ ಅಡಗುತಾಣದ ಬಳಿ ಇಟ್ಟು ದೂರ ಸರಿಯಬೇಕು. ಅನೇಕ ಬೆಕ್ಕುಗಳು ಮೊದಲ ತುತ್ತನ್ನು ತಿನ್ನುವುದು ಮನೆಯವರೆಲ್ಲ ಮಲಗಿದ ಮೇಲೆ.

ಕರ್ನಾಟಕದ ಮನೆಗಳಲ್ಲಿ ಬೆಕ್ಕಿಗೆ ಹಾಲು, ಹಾಲನ್ನ ಅಥವಾ ಮೊಸರನ್ನ ಹಾಕುವ ಪದ್ಧತಿ ಹಳೆಯದು. ಹಿಂದಿನ ಬೆಕ್ಕು ಆ ಅನ್ನದ ಜೊತೆಗೆ ಇಲಿ, ಹಲ್ಲಿಗಳನ್ನು ಹಿಡಿದು ತಿನ್ನುತ್ತಿತ್ತು. ಫ್ಲ್ಯಾಟಿನ ಕೋಣೆಯಲ್ಲಿರುವ ಬೆಕ್ಕಿಗೆ ಆ ಅವಕಾಶವಿಲ್ಲ. ಟೌರೀನ್ ಎಂಬ ಪೋಷಕಾಂಶ ಬೆಕ್ಕಿನ ದೇಹದಲ್ಲಿ ಸಾಕಷ್ಟು ತಯಾರಾಗುವುದಿಲ್ಲ, ಮಾಂಸದಿಂದಲೇ ದೊರೆಯಬೇಕು. ಅದರ ಕೊರತೆಯಿಂದ ದೃಷ್ಟಿ ನಾಶವಾಗುವುದು 1970ರ ದಶಕದಲ್ಲಿಯೂ, ಹೃದಯದ ಸ್ನಾಯು ದುರ್ಬಲವಾಗುವುದು 1987ರಲ್ಲಿಯೂ ತಿಳಿದುಬಂತು. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲಿನ ಸಕ್ಕರೆ ಜೀರ್ಣವಾಗದೆ ಭೇದಿಯಾಗುತ್ತದೆ. ಸಸ್ಯಾಹಾರಿ ಮನೆಗಳವರು ಬೆಕ್ಕಿಗೆ ಆಶ್ರಯ ಕೊಡಲು ಹಿಂಜರಿಯಬೇಕಾಗಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಬೆಕ್ಕಿನ ಸಿದ್ಧ ಆಹಾರದಲ್ಲಿ ಟೌರೀನ್ ಸೇರಿರುತ್ತದೆ. ಅದನ್ನು ಬಡಿಸಲು ಅಡುಗೆಮನೆಯ ಪಾತ್ರೆಗಳು ಬೇಕಿಲ್ಲ. ಆದರೆ ಬೆಕ್ಕನ್ನೂ ಸಸ್ಯಾಹಾರಿಯಾಗಿಸುವ ಪ್ರಯತ್ನ ಸಲ್ಲದು.

ಆಹಾರದಲ್ಲಿ ಗುಳಿಗೆ ಬೆರೆಸುವ ಉಪಾಯವನ್ನು ಮೊದಲ ದಿನಗಳಲ್ಲಿ ಬಿಡುವುದೇ ಲೇಸು. ಕೃಷ್ಣದೇವರಾಯನು ಇಲಿಗಳ ಕಾಟಕ್ಕೆಂದು ಹಂಚಿದ ಬೆಕ್ಕಿಗೆ ತೆನಾಲಿ ರಾಮಕೃಷ್ಣನು ಕುದಿಯುವ ಹಾಲಿಟ್ಟು, ಅದು ಮುಂದೆ ಹಾಲು ಕಂಡರೆ ಓಡುವಂತೆ ಮಾಡಿದ ಕಥೆ ಎಲ್ಲರಿಗೂ ಗೊತ್ತು. ಕಥೆ ವಿನೋದದ್ದಾದರೂ ಅದರಲ್ಲಿನ ಪ್ರಾಣಿಸ್ವಭಾವದ ಗ್ರಹಿಕೆ ಸರಿಯಾದದ್ದು. ಒಮ್ಮೆ ಕಹಿಯಾದ ಆಹಾರವನ್ನು ಬೆಕ್ಕು ಸುಲಭವಾಗಿ ಮರಳಿ ನಂಬುವುದಿಲ್ಲ.

ಲಿಟರ್ ಟ್ರೇ ಮತ್ತು ಮೂತ್ರದ ತೊಂದರೆಗಳು

ಟ್ರೇ ಬೆಕ್ಕು ತಿರುಗಾಡುವಷ್ಟು ದೊಡ್ಡದಾಗಿದ್ದು, ಸುವಾಸನೆಯಿಲ್ಲದ ಮರಳು ಅಥವಾ ಲಿಟರ್ ಹೊಂದಿರಬೇಕು. ಮಣ್ಣಿಗೆ ಒಗ್ಗಿದ ಬೆಕ್ಕಿಗೆ ಅದರ ಮೇಲೆ ಒಂದು ಹಿಡಿ ತೋಟದ ಮಣ್ಣು ಉದುರಿಸಿದರೆ ಗುರುತು ಹತ್ತುತ್ತದೆ. ಹೊರಗೆ ವಿಸರ್ಜಿಸಿದಾಗ ಬೈಯುವುದರಿಂದ ಬೆಕ್ಕು ಕಲಿಯುವುದು ಒಂದೇ, ಬೈದವರ ಮುಂದೆ ವಿಸರ್ಜಿಸಬಾರದೆಂದು.

ಒತ್ತಡದಿಂದ ಮೂತ್ರಕೋಶವೇ ಉರಿಯೂತಕ್ಕೊಳಗಾಗುವುದು ಬೆಕ್ಕುಗಳ ವಿಶಿಷ್ಟ ತೊಂದರೆ. ಸೋಂಕಿಲ್ಲದಿದ್ದರೂ ಮತ್ತೆಮತ್ತೆ ಟ್ರೇಗೆ ಹೋಗುವುದು, ತಿಣುಕುವುದು, ಮೂತ್ರದಲ್ಲಿ ರಕ್ತ ಕಾಣಿಸುವುದು ಇದರ ಲಕ್ಷಣಗಳು. ಗಂಡುಬೆಕ್ಕುಗಳ ಮೂತ್ರನಾಳ ಕಿರಿದಾಗಿದ್ದು ಪೂರ್ಣ ಮುಚ್ಚಿಹೋಗಬಲ್ಲದು. ತಿಣುಕಿಯೂ ಮೂತ್ರ ಬಾರದ ಗಂಡುಬೆಕ್ಕನ್ನು ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು. ಒಂದೆರಡು ದಿನಗಳಲ್ಲಿ ಪ್ರಾಣ ಹೋಗಬಹುದು. ಇದನ್ನು ಮಲಬದ್ಧತೆಯೆಂದು ತಿಳಿದು ಮನೆಮದ್ದು ಮಾಡುತ್ತ ಕೂರುವುದು ಅಪಾಯಕಾರಿ. ಗೋಡೆಗೆ ಮೂತ್ರ ಸಿಂಪಡಿಸುವ ಗಂಡು, ರಾತ್ರಿಯಿಡೀ ಕೂಗಿ ಹೊರಳಾಡುವ ಹೆಣ್ಣು ಇವುಗಳ ವಿಷಯದಲ್ಲಿ ಕಾರಣ ಒತ್ತಡವಲ್ಲದೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರದಿರುವುದೂ ಇರಬಹುದು.

ಆರೋಗ್ಯ ಮತ್ತು ಔಷಧ

ಬೆಕ್ಕುಗಳಲ್ಲಿ ಸಾಮಾನ್ಯವಾದ ಹರ್ಪಿಸ್ ವೈರಸ್ ಒಮ್ಮೆ ತಗುಲಿದರೆ ದೇಹದಲ್ಲಿ ಸುಪ್ತವಾಗಿ ಉಳಿದು, ಒತ್ತಡದ ಸಮಯದಲ್ಲಿ ಮರುಕಳಿಸುತ್ತದೆ. ಆರೋಗ್ಯವಾಗಿದ್ದ ಬೆಕ್ಕು ಬಂದ ಒಂದು ವಾರಕ್ಕೆ ಸೀನತೊಡಗಿ ಕಣ್ಣಲ್ಲಿ ನೀರು ಸುರಿಸಿದರೆ ಇದೇ ಕಾರಣವಿರಬಹುದು. ಮೂಗು ಕಟ್ಟಿದ ಬೆಕ್ಕಿಗೆ ಆಹಾರದ ವಾಸನೆ ಸಿಗದೆ ಉಪವಾಸದ ಅಪಾಯವೂ ಸೇರಿಕೊಳ್ಳುತ್ತದೆ. ಬಾಯಿ ತೆರೆದು ಏದುಸಿರು ಬಿಡುವುದು ನಾಯಿಗೆ ಸಹಜ, ಬೆಕ್ಕಿಗಲ್ಲ. ಪ್ರಯಾಣ ಮುಗಿದು ಕೆಲವು ನಿಮಿಷಗಳಾದರೂ ಅದು ನಿಲ್ಲದಿದ್ದರೆ ತುರ್ತು ಸ್ಥಿತಿಯೆಂದೇ ತಿಳಿಯಬೇಕು.

ಬೆಕ್ಕಿನ ಕೆನ್ನೆಯ ಗಂಧಸಂಕೇತವನ್ನು ಹೋಲುವ ಕೃತಕ ಫೆರೊಮೋನನ್ನು ಫ್ರಾನ್ಸಿನ ಪಶುವೈದ್ಯ ಪ್ಯಾಟ್ರಿಕ್ ಪಾಜಾ ಅವರ ಸಂಶೋಧನೆಯ ಆಧಾರದ ಮೇಲೆ 1990ರ ದಶಕದಲ್ಲಿ ಫೆಲಿವೇ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತರಲಾಯಿತು. ಇದರ ಪರಿಣಾಮದ ಬಗ್ಗೆ ಅಧ್ಯಯನಗಳಲ್ಲಿ ಒಮ್ಮತವಿಲ್ಲ. ಹಾನಿಯಿಲ್ಲ, ಆದರೆ ಪೆಟ್ಟಿಗೆಗೂ ದಿನಚರಿಗೂ ಇದು ಬದಲಿಯಲ್ಲ. ತೀವ್ರ ಭಯವಿರುವ ಬೆಕ್ಕಿಗೆ, ಮುಖ್ಯವಾಗಿ ಪ್ರಯಾಣಕ್ಕೆ ಮುನ್ನ, ಪಶುವೈದ್ಯರು ಗ್ಯಾಬಪೆಂಟಿನ್ ಮುಂತಾದ ಔಷಧ ಸೂಚಿಸುವುದುಂಟು. ಮನುಷ್ಯರ ಔಷಧಗಳನ್ನು ಸ್ವಂತ ಅಂದಾಜಿನಿಂದ ಕೊಡಬಾರದು. ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ಮನೆಯೊಳಗಿನ ಅಪಾಯಗಳು

ಕೆಲವು ವಿಷವಸ್ತುಗಳನ್ನು ವಿಸರ್ಜಿಸಲು ಬೇಕಾದ ರಾಸಾಯನಿಕ ಕ್ರಿಯೆ ಬೆಕ್ಕಿನ ಯಕೃತ್ತಿನಲ್ಲಿ ದುರ್ಬಲ. ಭಾರತದ ಮನೆಗಳಲ್ಲಿ ನೆಲ ಒರೆಸಲು ಬಳಸುವ ಫಿನೈಲ್ ಈ ಕಾರಣದಿಂದ ಬೆಕ್ಕಿಗೆ ವಿಷ. ಒರೆಸಿದ ನೆಲದ ಮೇಲೆ ನಡೆದು ಅಂಗಾಲು ನೆಕ್ಕಿಕೊಂಡರೆ ಸಾಕು. ನುಸಿಗುಳಿಗೆ, ನಾಯಿಗಳ ಉಣ್ಣೆಗೆ ಬಳಸುವ ಪರ್ಮೆಥ್ರಿನ್ ಬೆರೆತ ಔಷಧ, ಹೂಗುಚ್ಛಗಳಲ್ಲಿ ಬರುವ ಲಿಲಿ ಹೂ ಇವೂ ಪ್ರಾಣಾಂತಕ. ಲಿಲಿಯ ಪರಾಗವೂ ಮೂತ್ರಪಿಂಡಗಳನ್ನು ಹಾಳುಮಾಡುತ್ತದೆ. ಬೆಕ್ಕಿನ ಕೋಣೆಯನ್ನು ಬರಿಯ ಬಿಸಿನೀರು ಮತ್ತು ಮೃದು ಸಾಬೂನಿನಿಂದ ಒರೆಸಿದರೆ ಸಾಕು.

ಎತ್ತರದಿಂದ ಬಿದ್ದ ಬೆಕ್ಕಿಗೆ ಏನೂ ಆಗುವುದಿಲ್ಲವೆಂಬ ನಂಬಿಕೆಗೆ 1987ರಲ್ಲಿ ನ್ಯೂಯಾರ್ಕಿನ ಪಶುವೈದ್ಯರು ಪ್ರಕಟಿಸಿದ ವರದಿಯನ್ನು ಆಧಾರವಾಗಿ ತೋರಿಸುವವರಿದ್ದಾರೆ. ಬಹುಮಹಡಿ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳನ್ನು ಕುರಿತ ಆ ವರದಿಯಲ್ಲಿ ಚಿಕಿತ್ಸೆ ಪಡೆದವುಗಳ ಪೈಕಿ ಹೆಚ್ಚಿನವು ಬದುಕಿದ್ದವು ನಿಜ. ಆದರೆ ಎದೆಯ ಗಾಯ, ಮುರಿದ ದವಡೆ ಮತ್ತು ಕಾಲುಗಳು ಸಾಮಾನ್ಯವಾಗಿದ್ದವು, ಸ್ಥಳದಲ್ಲೇ ಸತ್ತವು ಆಸ್ಪತ್ರೆಗೆ ಬಂದಿರಲಾರವು. ಬಾಲ್ಕನಿಗೆ ಬಲೆ ಹಾಕಿಸದೆ ಬೆಕ್ಕನ್ನು ತರಬಾರದು.

ಹೊಸ ಮನೆಯಿಂದ ತಪ್ಪಿಸಿಕೊಂಡ ಬೆಕ್ಕು ಬಹಳ ದೂರ ಹೋಗಿರುವುದಿಲ್ಲ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪತ್ತೆಯಾದ ಬೆಕ್ಕುಗಳಲ್ಲಿ ನಾಲ್ಕರಲ್ಲಿ ಮೂರು ಪಾಲು 500 ಮೀಟರ್ ಒಳಗೇ ಸಿಕ್ಕಿದ್ದವು. ಹೆದರಿದ ಬೆಕ್ಕು ಕರೆದರೆ ಓಗೊಡುವುದಿಲ್ಲ. ನಡುರಾತ್ರಿಯಲ್ಲಿ ಟಾರ್ಚು ಹಿಡಿದು ನಿಂತ ವಾಹನಗಳ ಅಡಿ, ನೀರಿನ ಸಂಪಿನ ಸುತ್ತ, ಮೆಟ್ಟಿಲ ಕೆಳಗೆ ಹುಡುಕಿದರೆ ಕಣ್ಣುಗಳ ಹೊಳಪು ಕಾಣುತ್ತದೆ. ದೀಪಾವಳಿಯ ಪಟಾಕಿ, ಗಣೇಶೋತ್ಸವದ ಧ್ವನಿವರ್ಧಕಗಳ ದಿನಗಳಲ್ಲಿ ಹೊಸ ಬೆಕ್ಕನ್ನು ತರುವುದನ್ನು ಸಾಧ್ಯವಾದರೆ ಮುಂದೂಡಬೇಕು.

ಆತಿಥೇಯರ ಸುರಕ್ಷತೆಯೂ ಮುಖ್ಯ. ರೇಬೀಸ್ ನಾಯಿಯಿಂದ ಮಾತ್ರವಲ್ಲ, ಬೆಕ್ಕಿನಿಂದಲೂ ಹರಡುತ್ತದೆ. ಕಚ್ಚಿದ ಅಥವಾ ಪರಚಿದ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು, ಗಾಯ ಚಿಕ್ಕದಾದರೂ, ಅಂದೇ ವೈದ್ಯರನ್ನು ಕಾಣಬೇಕು.

ಮನೆಯ ಇತರ ಪ್ರಾಣಿಗಳು

ಮನೆಯಲ್ಲಿ ಮೊದಲೇ ಬೆಕ್ಕಿದ್ದರೆ ಹೊಸ ಬೆಕ್ಕನ್ನು ಕನಿಷ್ಠ ಎರಡು ವಾರ ಪ್ರತ್ಯೇಕವಿಡುವುದು ರೂಢಿ. ಲಸಿಕೆಯಾಗದ ಮರಿಗಳನ್ನು ಬಹುಬೇಗ ಕೊಲ್ಲುವ ಪ್ಯಾನ್‌ಲ್ಯೂಕೋಪೀನಿಯಾ ರೋಗದ ವೈರಸ್ ಮನೆಯೊಳಗೆ ತಿಂಗಳುಗಟ್ಟಲೆ ಉಳಿಯಬಲ್ಲದು. ಈ ಅವಧಿಯಲ್ಲಿ ಎರಡೂ ಬೆಕ್ಕುಗಳ ಹೊದಿಕೆಗಳನ್ನು ಬದಲಿಸಿ ವಾಸನೆಯ ಪರಿಚಯ ಮಾಡಿಸಬಹುದು. ಕೆಲವೇ ವಾರಗಳ ಆಶ್ರಯವಾದರೆ ಅವುಗಳನ್ನು ಮುಖಾಮುಖಿ ಮಾಡುವ ಪ್ರಯತ್ನವನ್ನೇ ಬಿಡುವುದು ಉತ್ತಮ. ಹೊರಟುಹೋಗುವ ಅತಿಥಿಗಾಗಿ ಮನೆಯ ಬೆಕ್ಕಿನ ನೆಮ್ಮದಿಯನ್ನೂ ಕದಡುವುದರಲ್ಲಿ ಅರ್ಥವಿಲ್ಲ.

ಮುಂದಿನ ಮನೆಗೆ

ತಾತ್ಕಾಲಿಕ ಆಶ್ರಯದ ವಿಚಿತ್ರ ಸಂಗತಿಯೆಂದರೆ, ಬೆಕ್ಕು ನೆಲೆಯನ್ನು ಒಪ್ಪಿಕೊಂಡ ಹೊತ್ತಿಗೆ ಹೊರಡುವ ಸಮಯವಾಗಿರುತ್ತದೆ. ಎರಡನೆಯ ಸ್ಥಳಾಂತರದ ಆಘಾತವನ್ನು ತಗ್ಗಿಸುವ ಸಿದ್ಧತೆಯನ್ನು ಮೊದಲ ವಾರದಿಂದಲೇ ಮಾಡಬಹುದು. ಕ್ಯಾರಿಯರನ್ನು ಕೋಣೆಯಲ್ಲಿ ಸದಾ ತೆರೆದಿಟ್ಟು, ಆಗಾಗ ಅದರೊಳಗೆ ಆಹಾರವಿಟ್ಟರೆ ಅದು ಬಂಧನದ ಪೆಟ್ಟಿಗೆಯಾಗದೆ ಮಲಗುವ ಮನೆಯಾಗುತ್ತದೆ. ಹೊರಡುವ ಮುನ್ನ ಹೊದಿಕೆ, ಪರಚುವ ಗೋಣಿತಾಟು, ಬಳಸಿದ ಲಿಟರಿನ ಒಂದು ಹಿಡಿ, ಒಂದು ವಾರಕ್ಕಾಗುವಷ್ಟು ಅದೇ ಆಹಾರ ಮತ್ತು ದಿನಚರಿಯ ಟಿಪ್ಪಣಿಯನ್ನು ಕಟ್ಟಿಕೊಡಬೇಕು. ಯಾವ ಹೊತ್ತಿಗೆ ತಿನ್ನುತ್ತದೆ, ಎಲ್ಲಿ ಅಡಗುತ್ತದೆ, ಯಾವ ಸದ್ದಿಗೆ ಹೆದರುತ್ತದೆ, ಯಾವ ಹೆಸರಿಗೆ ಕಿವಿ ನಿಮಿರಿಸುತ್ತದೆ ಎಂಬ ವಿವರಗಳು ಅದರಲ್ಲಿರಬೇಕು. ಹೊಸ ಮನೆಯವರಿಗೂ ಒಂದೇ ಕೋಣೆಯಿಂದ ಆರಂಭಿಸುವಂತೆ ತಿಳಿಸಬೇಕು. ಇಲ್ಲಿ ಮಡಿಲೇರಿ ಮಲಗುತ್ತಿದ್ದ ಬೆಕ್ಕು ಅಲ್ಲಿ ಮತ್ತೆ ಮಂಚದಡಿ ಸೇರುವುದನ್ನು ಕಂಡು ಅವರು ನಿರಾಶರಾಗದಿರಲು ಇದು ಅಗತ್ಯ. ಮೂಲ ಯಜಮಾನರ ಬಳಿಗೇ ಮರಳುವ ಬೆಕ್ಕೂ ಬೇರೆ ಮನೆಯ ವಾಸನೆ ಹೊತ್ತು ಬರುವುದರಿಂದ, ಅಲ್ಲಿ ಉಳಿದಿರುವ ಜೊತೆಬೆಕ್ಕು ಅದನ್ನು ಗುರುತಿಸದೆ ಕೆಲವು ದಿನ ಬುಸುಗುಟ್ಟುವುದುಂಟು. ಅಂತಹ ಮನೆಯಲ್ಲಿ ಎರಡನ್ನೂ ಒಂದೆರಡು ದಿನ ಬೇರೆಬೇರೆ ಕೋಣೆಗಳಲ್ಲಿ ಇರಿಸಿ, ಹೊದಿಕೆ ಬದಲಿಸಿ, ಆಮೇಲೆ ಬಾಗಿಲು ತೆರೆಯುತ್ತಾರೆ.